ಮನೆಯ ಹಲಗೆಯನ್ನೇ ಉರಿಸಿದ ಕುಂಬಾರ

ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ ಸ್ಯಾಂತ್ ಎಂಬುದೊಂದು ಹಳೆಯ ಪಟ್ಟಣ. ಹದಿನಾರನೆಯ ಶತಮಾನದ ನಡುಗಾಲದಲ್ಲಿ ಅಲ್ಲಿಯ ಜನ ತಮ್ಮ ನೆರೆಯವನೊಬ್ಬನನ್ನು ಕುರಿತು ಎರಡು ಬಗೆಯಾಗಿ ಮಾತನಾಡಿಕೊಳ್ಳುತ್ತಿದ್ದರು. ಅವನಿಗೆ ಹುಚ್ಚು ಹಿಡಿದಿದೆಯೆಂದು ಕೆಲವರು. ಅಲ್ಲ, ಅವನು ಗುಟ್ಟಾಗಿ ಖೋಟಾ ನಾಣ್ಯಗಳನ್ನು ಮಾಡುತ್ತಿರುವನೆಂದು ಮತ್ತೆ ಕೆಲವರು. ಹಗಲಿರುಳೂ ಆರದ ಕುಲುಮೆ, ರಾಶಿ ರಾಶಿಯಾಗಿ ಬಿದ್ದ ಮಡಕೆಯ ಚೂರುಗಳು, ಮೈಗೆ ಅಂಟಿಕೊಂಡ ಮಸಿ, ಬಾಗಿಲಿಗೆ ಬಂದು ನಿಲ್ಲುವ ಸಾಲಗಾರರು – ಇವನ್ನೆಲ್ಲ ಕಂಡವರಿಗೆ ಬೇರೆ ಯಾವ ಅರ್ಥ ತಾನೇ ಹೊಳೆದೀತು?

ಆ ನೆರೆಯವನ ಹೆಸರು ಬೆರ್ನಾರ್ ಪಾಲಿಸ್ಸಿ. ೧೫೧೦ರ ಸುಮಾರಿನಲ್ಲಿ ಹುಟ್ಟಿದವನು. ಕುಲಕಸುಬಿನಿಂದ ಅವನು ಕುಂಬಾರನಲ್ಲ; ದೇವಾಲಯಗಳ ಕಿಟಕಿಗಳಿಗೆ ಬಣ್ಣದ ಗಾಜಿನ ಚಿತ್ರ ಬರೆಯುವವನು. ಜಮೀನಿನ ಅಳತೆಯೂ ಅವನಿಗೆ ಬರುತ್ತಿತ್ತು. ಮದುವೆಯಾಗಿ, ಮಕ್ಕಳಾಗಿ, ಹೇಗೋ ಸಂಸಾರ ಸಾಗುತ್ತಿದ್ದ ಕಾಲದಲ್ಲಿ ಯಾರೋ ಅವನಿಗೆ ಒಂದು ಮಣ್ಣಿನ ಬಟ್ಟಲನ್ನು ತೋರಿಸಿದರು. ಬೆಳ್ಳಗೆ, ನುಣ್ಣಗೆ, ಬೆಳಕು ಬಿದ್ದರೆ ಹೊಳೆಯುವಂತೆ ಲೇಪವಿದ್ದ ಬಟ್ಟಲು. ಅದು ಇಟಲಿಯದೋ, ಇನ್ನೆಲ್ಲಿಯದೋ ಎಂಬ ವಿಷಯದಲ್ಲಿ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಪಾಲಿಸ್ಸಿಗೆ ಮಾತ್ರ ಆ ಬಟ್ಟಲು ಮನಸ್ಸಿನಿಂದ ಇಳಿಯಲೇ ಇಲ್ಲ. ಆ ಬಿಳಿಯ ಲೇಪವನ್ನು ತಾನೇ ಕಂಡುಹಿಡಿಯುವೆನೆಂದು ಅವನು ಹೊರಟನು. ಜೇಡಿಮಣ್ಣಿನ ಗುಣವೇನೆಂಬುದು ಕೂಡ ಆಗ ಅವನಿಗೆ ತಿಳಿಯದು.

ಮಡಕೆಯ ಮೇಲಣ ಈ ಲೇಪವೆಂದರೆ ಏನು? ನಮ್ಮ ನಾಡಿನ ಕುಂಬಾರನ ಹೂಜಿಗೆ ಅದು ಇರುವುದಿಲ್ಲ. ಆದುದರಿಂದಲೇ ನೀರು ಅದರ ಮೈಯಲ್ಲಿ ಸಣ್ಣಗೆ ಜಿನುಗಿ, ಆವಿಯಾಗಿ, ಒಳಗಿನ ನೀರನ್ನು ತಂಪಾಗಿಡುತ್ತದೆ. ಅದೇ ಅಡಿಗೆಮನೆಯ ಅಟ್ಟದ ಮೇಲಿರುವ ಉಪ್ಪಿನಕಾಯಿಯ ಜಾಡಿಯನ್ನು ನೋಡಿರಿ. ಅದೂ ಮಣ್ಣೇ, ಆದರೆ ವರ್ಷಗಟ್ಟಲೆ ಹುಳಿ, ಉಪ್ಪು, ಎಣ್ಣೆ ತುಂಬಿದ್ದರೂ ಒಂದು ಹನಿ ಹೊರಗೆ ಬರುವುದಿಲ್ಲ. ಅದರ ಮಣ್ಣು ಹೆಚ್ಚಿನ ಬೆಂಕಿಯಲ್ಲಿ ಕಲ್ಲಿನಂತೆ ಗಟ್ಟಿಯಾಗಿದೆ. ಮೇಲೆ ಗಾಜಿನ ತೆಳುಪೊರೆಯೊಂದು ಹೊದ್ದುಕೊಂಡಿದೆ. ಗ್ಲೇಜ್ ಎಂದು ಕರೆಯುವುದು ಈ ಪೊರೆಯನ್ನೇ. ಅದು ಬಣ್ಣವಲ್ಲ, ಅರಗಲ್ಲ, ಮೆರುಗೆಣ್ಣೆಯಲ್ಲ. ಮಡಕೆಯ ಮೈಮೇಲೆಯೇ ಕರಗಿ, ಆರುವಾಗ ಅಲ್ಲಿಯೇ ಗಟ್ಟಿಯಾದ ಗಾಜು.

ಗಾಜಿಗೆ ಮೂಲದ್ರವ್ಯ ಮರಳು ಅಥವಾ ಬೆಣಚುಕಲ್ಲಿನ ಪುಡಿ. ಅದು ತಾನಾಗಿ ಕರಗಬೇಕಾದರೆ ೧,೭೦೦ ಡಿಗ್ರಿ ಸೆಂಟಿಗ್ರೇಡಿಗಿಂತಲೂ ಮಿಗಿಲಾದ ಕಾವು ಬೇಕು. ಸಾಮಾನ್ಯ ಮಡಕೆಗಳನ್ನು ಸುಡುವ ಕಾವು ೧,೦೦೦ ಡಿಗ್ರಿಯ ಆಸುಪಾಸು. ಆದುದರಿಂದ ಮರಳನ್ನು ಬೇಗ ಕರಗಿಸುವ ಇನ್ನೊಂದು ದ್ರವ್ಯವನ್ನು – ಸೀಸ, ಸೋಡಾ, ಬಿಳಿಗಾರ, ಸುಣ್ಣ, ಕೊನೆಗೆ ಬರಿಯ ಕಟ್ಟಿಗೆಯ ಬೂದಿಯನ್ನಾದರೂ – ಬೆರೆಸಬೇಕು. ಬೆರಕೆ ಹೆಚ್ಚಾದರೆ ಲೇಪ ನೀರಾಗಿ ಮಡಕೆಯಿಂದ ಕೆಳಕ್ಕೆ ಹರಿದುಬಿಡುತ್ತದೆ. ಹಾಗೆ ಹರಿಯದಂತೆ ಹಿಡಿದು ನಿಲ್ಲಿಸಲು ಒಂದಿಷ್ಟು ಜೇಡಿಮಣ್ಣು. ಬಿಳಿ ಬಣ್ಣ ಬರಬೇಕಾದರೆ ತವರದ ಭಸ್ಮ. ಅದು ಕರಗಿದ ಗಾಜಿನಲ್ಲಿ ಪೂರ್ತಿ ಕರಗದೆ ಅತಿ ಸೂಕ್ಷ್ಮವಾದ ಕಣಗಳಾಗಿ ಉಳಿದು, ಹಾಲಿನಂತೆ ಕೆಳಗಿನ ಮಣ್ಣಿನ ಕೆಂಪನ್ನು ಮರೆಮಾಡುತ್ತದೆ. ಇಂದು ಇಷ್ಟನ್ನು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಬಹುದು. ಪಾಲಿಸ್ಸಿಗೆ ಇದರಲ್ಲಿ ಒಂದು ಸಾಲನ್ನೂ ಹೇಳಿಕೊಡುವವರಿರಲಿಲ್ಲ.

ಹಾಗೆಂದು ಅವನು ಹಿಡಿದ ದಾರಿ ಹುಚ್ಚನ ದಾರಿಯಾಗಿರಲಿಲ್ಲ. ಮಡಕೆಗಳನ್ನು ಕೊಂಡು ತಂದು ಒಡೆದು ಬೋಕಿ ಮಾಡಿದನು. ಕೈಗೆ ಸಿಕ್ಕ, ಮನಸ್ಸಿಗೆ ಹೊಳೆದ ದ್ರವ್ಯಗಳನ್ನೆಲ್ಲ ಅರೆದು, ಒಂದೊಂದು ಬೋಕಿಯ ಮೇಲೆ ಒಂದೊಂದು ಮಿಶ್ರಣವನ್ನಿಟ್ಟು, ಯಾವುದರ ಮೇಲೆ ಏನಿದೆಯೆಂಬುದನ್ನು ಗುರುತು ಮಾಡಿ ಬರೆದಿಟ್ಟುಕೊಂಡನು. ತನ್ನ ಊಹೆಯಂತೆ ಒಂದು ಕುಲುಮೆಯನ್ನು ಕಟ್ಟಿ ಸುಟ್ಟನು. ಇಂದಿನ ಕುಂಬಾರಿಕೆಯ ಶಾಲೆಗಳಲ್ಲಿ ವಿದ್ಯಾರ್ಥಿಗಳು ಮಾಡುವುದೂ ಇದನ್ನೇ. ಬೋಕಿಗೆ ಬದಲಾಗಿ ಅದಕ್ಕೆಂದೇ ಮಾಡಿದ ಪುಟ್ಟ ಬಿಲ್ಲೆಗಳಿರುತ್ತವೆ, ಅಷ್ಟೆ.

ಆದರೂ ಫಲ ದೊರೆಯಲಿಲ್ಲ. ಈ ಕೆಲಸದ ಕಷ್ಟವೆಲ್ಲ ಅಡಗಿರುವುದು ಇಲ್ಲಿ: ಲೇಪ ಕರಗದೆ ಹೋದರೆ ತಪ್ಪು ಮಿಶ್ರಣದ್ದೋ ಬೆಂಕಿಯದ್ದೋ ಎಂಬುದು ಬೋಕಿಯನ್ನು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಎರಡೂ ಒಟ್ಟಿಗೆ ಬದಲಾಗುತ್ತಿದ್ದರೆ ನೂರು ಪ್ರಯೋಗಗಳಿಂದಲೂ ಒಂದು ಪಾಠ ದೊರೆಯದು. ಪಾಲಿಸ್ಸಿಯ ಕುಲುಮೆಯಲ್ಲಿ ಕೆಲವು ಬೋಕಿಗಳಿಗೆ ಕಾವು ಹೆಚ್ಚಾಗುತ್ತಿತ್ತು, ಕೆಲವಕ್ಕೆ ಸಾಲದೆ ಹೋಗುತ್ತಿತ್ತು. ಒಳ್ಳೆಯ ಮಿಶ್ರಣವೊಂದು ಮೊದಲ ವರ್ಷದಲ್ಲೇ ಅವನ ಕೈಗೆ ಬಂದು, ಬೆಂಕಿ ಸಾಲದೆ, ಕಸದ ರಾಶಿಯನ್ನು ಸೇರಿರಲಿಕ್ಕೂ ಸಾಕು.

ಅನಂತರ ಸ್ವಂತ ಕುಲುಮೆಯನ್ನು ಬಿಟ್ಟು, ಒಂದೂವರೆ ಹರದಾರಿ ದೂರದ ಕುಂಬಾರರ ಆವಿಗೆಗೆ ಮುನ್ನೂರು ನಾನೂರು ಬೋಕಿಗಳನ್ನು ಕಳುಹಿಸತೊಡಗಿದನು. ಅವರು ತಮ್ಮ ಮಡಕೆಗಳೊಂದಿಗೆ ಸುಟ್ಟುಕೊಡುವರು; ಇವನು ಹೋಗಿ ನೋಡಿ, ಒಂದೂ ಕರಗಿಲ್ಲದಿರುವುದನ್ನು ಕಂಡು ಹಿಂದಿರುಗುವನು. ೧೫೪೩ರ ಸುಮಾರಿಗೆ ಉಪ್ಪಿನ ತೆರಿಗೆಗಾಗಿ ಆ ಸೀಮೆಯ ಉಪ್ಪಿನ ಗದ್ದೆಗಳನ್ನು ಅಳೆದು ನಕ್ಷೆ ಮಾಡುವ ಕೆಲಸ ದೊರೆತು, ಮನೆಗೆ ನಾಲ್ಕು ಕಾಸು ಬಂದಿತು. ಹೆಂಡತಿ ನೆಮ್ಮದಿಯ ಉಸಿರುಬಿಟ್ಟಿರಬೇಕು. ಅಳತೆಯ ಕೆಲಸ ಮುಗಿದೊಡನೆಯೇ ಆ ಹಣದಲ್ಲಿ ಮೂರು ಡಜನ್ ಹೊಸ ಮಡಕೆಗಳು ಬಂದವು; ಅವೂ ಬೋಕಿಗಳಾದುವು.

ಈ ಬಾರಿ ಅವನಿಗೆ ಒಂದು ವಿವೇಕ ಹೊಳೆಯಿತು. ಮಡಕೆಯ ಆವಿಗೆಗಿಂತ ಗಾಜಿನವರ ಕುಲುಮೆಯಲ್ಲಿ ಕಾವು ಹೆಚ್ಚು. ಲೇಪವೂ ಗಾಜೇ ಆದುದರಿಂದ ಬೋಕಿಗಳನ್ನು ಅಲ್ಲಿಗೆ ಒಯ್ದನು. ಮರುದಿನ ನೋಡಿದಾಗ ಕೆಲವು ಮಿಶ್ರಣಗಳು ಕರಗಲು ತೊಡಗಿದ್ದುವು. ಅಷ್ಟರಿಂದಲೇ ಮತ್ತೆರಡು ವರ್ಷ ಗಾಜಿನ ಕುಲುಮೆಗಳಿಗೆ ಅಲೆದಾಟ. ಇನ್ನು ಇದೇ ಕೊನೆಯೆಂದು ನಿಶ್ಚಯಿಸಿ, ಮುನ್ನೂರಕ್ಕೂ ಮಿಕ್ಕ ಬಗೆಯ ಪ್ರಯೋಗಗಳನ್ನು ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಹೋದ ದಿನ, ಕುಲುಮೆಗಿಟ್ಟ ನಾಲ್ಕು ಗಂಟೆಗಳೊಳಗೆ ಒಂದು ಬೋಕಿಯ ಮೇಲಿನ ಲೇಪ ಕರಗಿತು. ಹೊರಗೆ ತೆಗೆದು ಆರಿಸಿದಾಗ ಅದು ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿತ್ತು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಬೋಕಿಯ ಮೇಲೆ ಹುಟ್ಟಿದ್ದು ಪಾತ್ರೆಯ ಮೇಲೆಯೂ ಹುಟ್ಟಬೇಕಲ್ಲ! ಇಂದು ಕೂಡ ಅಂಗೈಯಗಲದ ಬಿಲ್ಲೆಯ ಮೇಲೆ ಸೊಗಸಾಗಿ ಕಂಡ ಲೇಪ ದೊಡ್ಡ ಹೂದಾನಿಯ ಮೇಲೆ ಕೈಕೊಡುವುದು ಕುಂಬಾರರಿಗೆಲ್ಲ ಗೊತ್ತಿರುವ ಸಂಗತಿ. ಮಲಗಿಸಿಟ್ಟ ಬಿಲ್ಲೆಯ ಮೇಲೆ ಹರಿಯದ ಲೇಪ ನೆಟ್ಟಗೆ ನಿಂತ ಗೋಡೆಯ ಮೇಲೆ ಹರಿಯುತ್ತದೆ. ಅದಕ್ಕಾಗಿಯೇ ತಿಳಿದವರು ಪ್ರಯೋಗದ ಬಿಲ್ಲೆಯನ್ನು ನಿಲ್ಲಿಸಿಯೇ ಸುಡುತ್ತಾರೆ.

ಪಾಲಿಸ್ಸಿ ಗಾಜಿನವರ ಕುಲುಮೆಯ ಮಾದರಿಯಲ್ಲಿ ತನ್ನದೊಂದನ್ನು ಕಟ್ಟತೊಡಗಿದನು. ಕೂಲಿಗೆ ಹಣವಿಲ್ಲ, ಇಟ್ಟಿಗೆಯನ್ನು ಬೆನ್ನ ಮೇಲೆ ತಾನೇ ಹೊತ್ತನು, ನೀರನ್ನು ತಾನೇ ಸೇದಿದನು, ಗಾರೆಯನ್ನು ತಾನೇ ಕಲಸಿದನು. ಏಳೆಂಟು ತಿಂಗಳು ಪಾತ್ರೆಗಳನ್ನು ಮಾಡಿ, ಒಂದು ತಿಂಗಳಿಗೂ ಹೆಚ್ಚು ಕಾಲ ಹಗಲಿರುಳು ಲೇಪದ ದ್ರವ್ಯಗಳನ್ನು ಅರೆದು, ಪಾತ್ರೆಗಳಿಗೆ ಬಳಿದು, ಬೆಂಕಿಯಿಟ್ಟನು. ಕುಲುಮೆಯ ಎರಡು ಬಾಯಿಗಳಿಂದಲೂ ಸೌದೆಯನ್ನು ತುರುಕುತ್ತ ಆರು ಹಗಲು, ಆರು ರಾತ್ರಿ ಅದರ ಮುಂದೆ ಕುಳಿತನು. ಲೇಪ ಕರಗಲಿಲ್ಲ.

ಅಂಥ ಗಳಿಗೆಯಲ್ಲಿ ಬೇರೊಬ್ಬನಾಗಿದ್ದರೆ ಬೆಂಕಿಯನ್ನು ಬೈದು ಎದ್ದುಹೋಗುತ್ತಿದ್ದನು. ಪಾಲಿಸ್ಸಿ ಕಾರಣವನ್ನು ಹುಡುಕಿದನು: ಉಳಿದ ದ್ರವ್ಯಗಳನ್ನು ಕರಗಿಸಬೇಕಾದ ದ್ರವ್ಯವೇ ಮಿಶ್ರಣದಲ್ಲಿ ಕಡಿಮೆ ಬಿದ್ದಿರಬೇಕು. ಕುಲುಮೆ ಆರಿದರೆ ಸುಟ್ಟ ಸೌದೆಯೆಲ್ಲ ದಂಡ. ಆದುದರಿಂದ ಬೆಂಕಿಯನ್ನು ಆರಗೊಡದೆಯೇ ಪಕ್ಕದಲ್ಲಿ ಕುಳಿತು ಹೊಸ ಮಿಶ್ರಣವನ್ನು ಅರೆದನು. ಮೊದಲಿನ ಪಾತ್ರೆಗಳು ಕೆಟ್ಟಿದ್ದರಿಂದ ಹೊಸ ಮಡಕೆಗಳನ್ನು ಕೊಂಡು ತಂದು ಲೇಪ ಬಳಿದು ಒಳಗಿಟ್ಟನು. ಅಷ್ಟರಲ್ಲಿ ಸೌದೆ ಮುಗಿಯಿತು. ತೋಟದ ಬಳ್ಳಿಯ ಚಪ್ಪರಕ್ಕೆ ಆಸರೆಯಾಗಿದ್ದ ಗೂಟಗಳನ್ನು ಕಿತ್ತು ಉರಿಸಿದನು. ಅವೂ ಮುಗಿದುವು. ಮನೆಯೊಳಗಿನ ಮೇಜುಗಳು ಕುಲುಮೆಯ ಬಾಯಿಗೆ ಹೋದುವು. ಆಮೇಲೆ ನೆಲಕ್ಕೆ ಹಾಸಿದ್ದ ಹಲಗೆಗಳು.

ಲೇಪ ಕರಗಿತು. ಪಾಲಿಸ್ಸಿ ಬಳಲಿ ಒಣಗಿಹೋಗಿದ್ದನು. ತಿಂಗಳಿಗೂ ಹೆಚ್ಚು ಕಾಲ ಮೈಮೇಲಿನ ಅಂಗಿಯ ಬೆವರು ಆರಿರಲಿಲ್ಲವೆಂದು ಅವನೇ ಬರೆದಿದ್ದಾನೆ. ಸಮಾಧಾನ ಹೇಳಬೇಕಾದವರು ಬೀದಿಗೆ ಹೋಗಿ ಮನೆಯ ಹಲಗೆಯನ್ನು ಸುಡುತ್ತಿದ್ದಾನೆಂದು ಕೂಗಿದರೆಂಬ ದೂರೂ ಅವನ ಬರಹದಲ್ಲಿದೆ. ಆದರೆ ಆ ಮನೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು, ಅಂಗಡಿಯವರಿಗೆ ಉತ್ತರ ಹೇಳುತ್ತ, ಹಲಗೆ ಕಿತ್ತ ನೆಲದ ಮೇಲೆ ಸಂಸಾರ ನಡೆಸಿದ ಹೆಂಗಸಿನ ಕಡೆಯಿಂದ ಈ ಕಥೆಯನ್ನು ಯಾರೂ ಬರೆದಿಡಲಿಲ್ಲ. ಪಾಲಿಸ್ಸಿಯನ್ನು ಹೊಗಳುವ ಪುಸ್ತಕಗಳು ಆಕೆಯನ್ನು ಜಗಳಗಂಟಿಯೆಂದು ಚಿತ್ರಿಸಿ ಮುಂದೆ ಸಾಗುತ್ತವೆ. ಅದು ನ್ಯಾಯವೆಂದು ತೋರುವುದಿಲ್ಲ.

ಮುಂದಿನ ಕಷ್ಟಗಳು ಇನ್ನೂ ವಿಚಿತ್ರವಾದುವು. ಕೆಲಸಕ್ಕೆ ಇಟ್ಟುಕೊಂಡಿದ್ದ ಕುಂಬಾರನೊಬ್ಬನಿಗೆ ಸಂಬಳ ಕೊಡಲಾರದೆ ತನ್ನ ಬಟ್ಟೆಗಳನ್ನೇ ಕೊಟ್ಟು ಕಳುಹಿಸಿದನು. ಆರು ದಿನಗಳ ಬೆಂಕಿಗೆ ಹಳೆಯ ಕುಲುಮೆಯ ಇಟ್ಟಿಗೆ ಗಾರೆಗಳೆಲ್ಲ ಗಾಜಾಗಿ ಬೆಸೆದುಕೊಂಡಿದ್ದುವು. ಅದನ್ನು ಕೀಳುವಾಗ ಬೆರಳುಗಳೆಲ್ಲ ಗಾಯವಾಗಿ, ಬಟ್ಟೆ ಸುತ್ತಿಕೊಂಡೇ ಊಟ ಮಾಡಬೇಕಾಯಿತು. ಹೊಸ ಕುಲುಮೆ ಸಿದ್ಧವಾಯಿತು. ಸಾಲ ತಂದ ಸೌದೆ, ಸಾಲ ತಂದ ದ್ರವ್ಯ. ಪಾತ್ರೆ ಹೊರಬಿದ್ದ ದಿನವೇ ಹಣ ದೊರೆಯುವುದೆಂದು ಸಾಲಗಾರರೂ ಕಾದಿದ್ದರು. ಲೇಪವೇನೋ ಸೊಗಸಾಗಿ ಕರಗಿತ್ತು. ಆದರೆ ಕುಲುಮೆಯ ಗಾರೆಯಲ್ಲಿ ಚಕಮಕಿ ಕಲ್ಲಿನ ಹರಳುಗಳು ತುಂಬಿದ್ದುದನ್ನು ಅವನು ಗಮನಿಸಿರಲಿಲ್ಲ. ಕಾವೇರಿದಂತೆ ಅವು ಸಿಡಿದು, ಚೂರುಗಳು ಹಾರಿ, ಮೆತ್ತಗಾಗಿದ್ದ ಲೇಪಕ್ಕೆ ಅಂಟಿಕೊಂಡಿದ್ದುವು. ಪಾತ್ರೆಯ ಮೇಲೆ ಕೈಯಾಡಿಸಿದರೆ ಕ್ಷೌರದ ಕತ್ತಿಯಂತೆ ಕೊಯ್ಯುತ್ತಿತ್ತು.

ಆದರೂ ಕಡಿಮೆ ಬೆಲೆಗೆ ಕೊಳ್ಳಲು ಜನ ಮುಂದೆ ಬಂದರು. ಪಾಲಿಸ್ಸಿ ಒಪ್ಪಲಿಲ್ಲ. ಕೆಟ್ಟ ಮಾಲು ಹೊರಗೆ ಹೋದರೆ ತನ್ನ ಹೆಸರೇ ಕೆಡುವುದೆಂದು ಅಷ್ಟನ್ನೂ ಒಡೆದುಹಾಕಿದನು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ಕುಂಬಾರ ಬೇರೆ, ದೊಣ್ಣೆ ಹಿಡಿದವನು ಬೇರೆ. ಇಲ್ಲಿ ಇಬ್ಬರೂ ಒಬ್ಬನೇ. ಅನಂತರ ಅವನು ದುಃಖದಿಂದ ಹಾಸಿಗೆ ಹಿಡಿದನು.

ಹಾಸಿಗೆಯಿಂದೆದ್ದ ಮೇಲೆ ಮತ್ತೊಂದು ಪೀಡೆ. ಉರಿಯ ರಭಸಕ್ಕೆ ಬೂದಿ ಹಾರಿ ಲೇಪದ ಮೇಲೆ ಕುಳಿತು ಅದನ್ನು ಒರಟಾಗಿಸುತ್ತಿತ್ತು. ಇದಕ್ಕೆ ಮಾತ್ರ ಶಾಶ್ವತವಾದ ಪರಿಹಾರವನ್ನು ಕಂಡುಕೊಂಡನು: ಒಂದೊಂದು ಪಾತ್ರೆಯನ್ನೂ ಮಣ್ಣಿನದೇ ಆದ ಮುಚ್ಚಿದ ಗೂಡಿನೊಳಗಿಟ್ಟು ಸುಡುವುದು. ಆ ಗೂಡುಗಳನ್ನು ಅವನು ಲಾಂದ್ರಗಳೆಂದು ಕರೆದನು. ಸೌದೆ, ಕಲ್ಲಿದ್ದಲುಗಳನ್ನು ಉರಿಸುತ್ತಿದ್ದ ಕಾರ್ಖಾನೆಗಳು ಇಂಥ ಗೂಡುಗಳನ್ನು ಇಪ್ಪತ್ತನೆಯ ಶತಮಾನದವರೆಗೂ ಬಳಸುತ್ತಿದ್ದುವು.

ಕುಲುಮೆಗೆ ಮೇಲ್ಛಾವಣಿ ಹಾಕಿಸುವ ಶಕ್ತಿಯಿಲ್ಲದೆ ಹಲವು ವರ್ಷ ಗಾಳಿಮಳೆಗಳಲ್ಲಿಯೇ ಸುಟ್ಟನು. ಒಂದು ಕಡೆ ಗೂಗೆಗಳ ಕೂಗು, ಇನ್ನೊಂದು ಕಡೆ ನಾಯಿಗಳ ಊಳು. ನಡುರಾತ್ರಿಯಲ್ಲಿ ತೊಯ್ದು ತೊಪ್ಪೆಯಾಗಿ, ದೀಪವಿಲ್ಲದೆ, ಕುಡಿದವನಂತೆ ತೂರಾಡುತ್ತ ಮನೆಗೆ ಬಂದರೆ ಅಲ್ಲಿ ಹೊರಗಿನದಕ್ಕಿಂತ ಹೆಚ್ಚಿನ ಗುಡುಗು!

ಕೊನೆಯ ತೊಡಕು ಬಣ್ಣಗಳದು. ಬಿಳಿಯ ಬಟ್ಟಲಿನಿಂದ ಹೊರಟವನು ಅಷ್ಟು ಹೊತ್ತಿಗೆ ತನ್ನದೇ ಆದ ಒಂದು ಕಲೆಯನ್ನು ಕಂಡುಕೊಂಡಿದ್ದನು. ನಿಜವಾದ ಹಾವು, ಹಲ್ಲಿ, ಮೀನು, ಏಡಿ, ಎಲೆಗಳಿಂದ ಅಚ್ಚು ತೆಗೆದು, ಹಳ್ಳದ ದಡದಂತೆ ಕಾಣುವ ದೊಡ್ಡ ಹರಿವಾಣಗಳನ್ನು ಮಾಡಿ, ಒಂದೊಂದು ಪ್ರಾಣಿಗೂ ಅದರದೇ ಬಣ್ಣದ ಲೇಪ ಕೊಡುವುದು. ಆದರೆ ತಾಮ್ರದ ಹಸಿರು, ಮ್ಯಾಂಗನೀಸಿನ ಕಂದು, ಕೋಬಾಲ್ಟಿನ ನೀಲಿ ಇವು ಒಂದೇ ಕಾವಿಗೆ ಕರಗುವುವಲ್ಲ. ಹಾವಿನ ಬಣ್ಣ ಕರಗುವ ಮೊದಲೇ ಹಲ್ಲಿಯ ಹಸಿರು ಸುಟ್ಟುಹೋಗುತ್ತಿತ್ತು. ಬಿಳುಪು ಹದಕ್ಕೆ ಬರುವ ಮೊದಲೇ ಏಡಿ, ಆಮೆಗಳ ಬಣ್ಣ ಕರಗಿ ಹೋಗುತ್ತಿತ್ತು. ಒಂದೊಂದು ಬಣ್ಣಕ್ಕೂ ಕರಗಿಸುವ ದ್ರವ್ಯವನ್ನು ಹೆಚ್ಚುಕಡಿಮೆ ಮಾಡಿ, ಎಲ್ಲವೂ ಒಂದೇ ಬೆಂಕಿಗೆ ಹದವಾಗುವಂತೆ ಹೊಂದಿಸುವುದರಲ್ಲಿ ಮತ್ತೆ ವರ್ಷಗಳು ಹೋದುವು. ಮೊದಲ ಬಟ್ಟಲಿನಿಂದ ಇಲ್ಲಿಯವರೆಗೆ ಒಟ್ಟು ಹದಿನೈದು ಹದಿನಾರು ವರ್ಷಗಳು.

ಇದರಲ್ಲೊಂದು ಕ್ರೂರವಾದ ಹಾಸ್ಯವೂ ಉಂಟು. ಅವನು ಹುಡುಕುತ್ತಿದ್ದ ತವರದ ಬಿಳಿಲೇಪ ಪಶ್ಚಿಮ ಏಷ್ಯದವರಿಗೂ ಸ್ಪೇನಿನವರಿಗೂ ಇಟಲಿಯವರಿಗೂ ಆಗಲೇ ಗೊತ್ತಿತ್ತು. ಫ್ರಾನ್ಸಿನಲ್ಲಿಯೇ ರುಆನ್ ಪಟ್ಟಣದ ಕಾರ್ಖಾನೆಯೊಂದರಲ್ಲಿ ಅಂಥ ಲೇಪದ ಬಿಲ್ಲೆಗಳು ತಯಾರಾಗುತ್ತಿದ್ದುವು. ಆದರೆ ಗೊತ್ತಿದ್ದವರು ಹೇಳುತ್ತಿರಲಿಲ್ಲ. ಇಟಲಿಯ ಚಿಪ್ರಿಯಾನೊ ಪಿಕ್ಕೊಲ್ಪಾಸ್ಸೊ ಎಂಬಾತ ೧೫೫೭ರ ಸುಮಾರಿಗೆ ಕುಂಬಾರಿಕೆಯ ಗುಟ್ಟುಗಳನ್ನೆಲ್ಲ ಚಿತ್ರಸಮೇತ ಬರೆದಿಟ್ಟನು. ಆ ಹಸ್ತಪ್ರತಿ ಅಚ್ಚಾದದ್ದು ೧೮೫೭ರಲ್ಲಿ!

ಬೆಂಕಿಯನ್ನು ಅಳೆಯುವ ವಿದ್ಯೆ ಬಹಳ ಕಾಲ ಬೆಳೆಯಲಿಲ್ಲ. ಉರಿಯ ಬಣ್ಣ ಮಸುಕುಗೆಂಪೋ, ಕಿತ್ತಳೆಯೋ, ಬಿಳುಪೋ ಎಂದು ಕಣ್ಣಿನಿಂದಲೇ ನೋಡಿ ತಿಳಿಯಬೇಕಿತ್ತು. ಇಂಗ್ಲೆಂಡಿನ ಜೊಸಾಯ ವೆಜ್‌ವುಡ್ ೧೭೫೯ರಲ್ಲಿ ಪ್ರಯೋಗಗಳ ಪುಸ್ತಕವೊಂದನ್ನು ಆರಂಭಿಸಿ, ಒಂದೊಂದು ಮಿಶ್ರಣಕ್ಕೂ ಒಂದೊಂದು ಸಂಖ್ಯೆ ಕೊಟ್ಟು ದಾಖಲೆ ಮಾಡುತ್ತ ಬಂದನು. ಅವನ ಸಾವಿರಾರು ಪ್ರಯೋಗದ ತುಣುಕುಗಳು ಈಗಲೂ ಉಳಿದಿವೆ. ೧೭೮೨ರಲ್ಲಿ ಜೇಡಿಮಣ್ಣು ಕಾವಿಗೆ ಕುಗ್ಗುವ ಅಳತೆಯಿಂದ ಬೆಂಕಿಯನ್ನು ಅಳೆಯುವ ಉಪಕರಣವೊಂದನ್ನು ಮಾಡಿದನು. ಮರುವರ್ಷವೇ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. ಮುಂದೆ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಹರ್ಮಾನ್ ಸೇಗರ್ ೧೮೮೬ರಲ್ಲಿ ಲೇಪದ ದ್ರವ್ಯಗಳಿಂದಲೇ ಬೆರಳುದ್ದದ ಮುಮ್ಮೂಲೆಯ ಕಂಬಗಳನ್ನು ಮಾಡಿದನು. ಗೊತ್ತಾದ ಕಾವಿಗೆ ಗೊತ್ತಾದ ಕಂಬ ತಲೆಬಾಗುತ್ತದೆ. ವಿದ್ಯುತ್ತಿನ ಉಷ್ಣಮಾಪಕಗಳು ಬಂದಿರುವ ಇಂದೂ ಕುಂಬಾರರು ಈ ಬಗೆಯ ಕಂಬಗಳನ್ನು ಬಿಟ್ಟಿಲ್ಲ. ಮಾಪಕ ಹೇಳುವುದು ಆ ಗಳಿಗೆಯ ಕಾವನ್ನು ಮಾತ್ರ. ಕಂಬ ಕಾವು, ಕಾಲ ಎರಡನ್ನೂ ಲೇಪದಂತೆಯೇ ಅನುಭವಿಸಿ ಬಾಗುತ್ತದೆ.

ಹಾಗಿದ್ದರೂ ಆವಿಗೆಯ ಬಾಗಿಲು ತೆರೆಯುವಾಗಿನ ಎದೆಬಡಿತ ತಪ್ಪಿದ್ದಲ್ಲ. ಲೇಪ ಅಲ್ಲಲ್ಲಿ ಹಿಂದೆ ಸರಿದು ಬರಿಯ ಮಣ್ಣು ಕಾಣುತ್ತಿದ್ದರೆ ಬಳಿಯುವಾಗ ಪಾತ್ರೆಯ ಮೇಲೆ ಧೂಳೋ ಕೈಯ ಜಿಡ್ಡೋ ಇದ್ದಿರಬೇಕು, ಇಲ್ಲವೆ ಲೇಪ ದಪ್ಪವಾಗಿ ಒಣಗುವಾಗಲೇ ಬಿರಿದಿರಬೇಕು. ಸೂಜಿಯ ಮೊನೆಯಷ್ಟು ತೂತುಗಳಿದ್ದರೆ ಒಳಗಿನ ಅನಿಲ ಹೊರಬರುತ್ತಿದ್ದಂತೆಯೇ ಲೇಪ ಗಟ್ಟಿಯಾಗಿಬಿಟ್ಟಿದೆ. ಮುಂದಿನ ಸಲ ಕೊನೆಯ ಕಾವಿನಲ್ಲಿ ಸ್ವಲ್ಪ ಹೊತ್ತು ಹೆಚ್ಚು ನಿಲ್ಲಿಸಬೇಕು. ಗೃಹಿಣಿಯರಿಗೆ ಚಿರಪರಿಚಿತವಾದ ದೋಷವೆಂದರೆ ಚಹದ ಬಟ್ಟಲಿನ ಮೇಲೆ ಕಾಣುವ ಕೂದಲೆಳೆಯ ಬಿರುಕುಗಳ ಬಲೆ. ಆರುವಾಗ ಲೇಪ ತನ್ನ ಕೆಳಗಿನ ಮಣ್ಣಿಗಿಂತ ಹೆಚ್ಚಾಗಿ ಕುಗ್ಗಿದರೆ, ಚಿಕ್ಕದಾದ ಅಂಗಿ ಹರಿದಂತೆ, ಅದು ಬಿರಿಯುತ್ತದೆ. ಬೆಣಚಿನ ಪುಡಿಯನ್ನು ಹೆಚ್ಚಿಸುವುದು ಇದಕ್ಕೆ ಸಾಮಾನ್ಯವಾದ ಚಿಕಿತ್ಸೆ. ಬಿರುಕು ಕೆಲವೊಮ್ಮೆ ತಿಂಗಳುಗಳ ಮೇಲೆ ತೋರುವುದರಿಂದ, ಹೊಸ ಪಾತ್ರೆಯನ್ನು ಕುದಿಯುವ ನೀರಿನಿಂದ ಮಂಜಿನ ನೀರಿಗೆ ಹಲವು ಬಾರಿ ಅದ್ದಿ ಮೊದಲೇ ಪರೀಕ್ಷಿಸುವವರುಂಟು. ದೋಷ ಯಾವುದೇ ಇರಲಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕೆಂಬುದು ಎಲ್ಲರೂ ಒಪ್ಪಿದ ನಿಯಮ. ಅವಸರದಲ್ಲಿ ಎಲ್ಲರೂ ಮುರಿಯುವ ನಿಯಮವೂ ಅದೇ.

ಸೀಸದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಪಾಲಿಸ್ಸಿಯ ಲೇಪಗಳು ಸೀಸವನ್ನು ನೆಚ್ಚಿದ್ದುವು. ಅದರಷ್ಟು ಸುಲಭವಾಗಿ ಕರಗಿ ಹೊಳಪು ಕೊಡುವ ದ್ರವ್ಯ ವಿರಳ. ಆದರೆ ಅದನ್ನು ಅರೆದವರ, ಬಳಿದವರ ಮೈಗೆ ಅದು ವಿಷವಾಯಿತು. ಸರಿಯಾಗಿ ಬೇಯದ ಸೀಸದ ಲೇಪದಿಂದ ಹುಣಿಸೆ, ನಿಂಬೆ, ಮೊಸರುಗಳ ಹುಳಿ ಅದನ್ನು ಸೆಳೆದುಕೊಳ್ಳುತ್ತದೆ. ಲೇಪದ ಮೇಲೆ ನಿಂಬೆಯ ಹೋಳನ್ನು ರಾತ್ರಿಯೆಲ್ಲ ಇಟ್ಟು, ಬೆಳಿಗ್ಗೆ ಬಣ್ಣ ಮಾಸಿದೆಯೇ ಎಂದು ನೋಡುವ ಪರೀಕ್ಷೆಯೊಂದುಂಟು. ಮಾಸಿದ್ದರೆ ಆ ಪಾತ್ರೆ ಊಟಕ್ಕೆ ಸಲ್ಲದು. ಮಾಸದಿದ್ದ ಮಾತ್ರಕ್ಕೆ ಸೀಸವಿಲ್ಲವೆಂದು ತಿಳಿಯುವಂತಿಲ್ಲ. ಅದನ್ನು ಪ್ರಯೋಗಶಾಲೆಯೇ ಹೇಳಬೇಕು. ಎಲ್ಲಿಯದೆಂದು ತಿಳಿಯದ ಬಣ್ಣದ ಬಟ್ಟಲನ್ನು ಉಪ್ಪಿನಕಾಯಿಗೆ ಬಳಸದೆ ಷೋಕೇಸಿನಲ್ಲಿಡುವುದು ಲೇಸು.

ಪಾಲಿಸ್ಸಿಯ ಹರಿವಾಣಗಳು ಮೊಂಮೊರಾನ್ಸಿ ಎಂಬ ಪ್ರಬಲ ಸರದಾರನ ಕಣ್ಣಿಗೆ ಬಿದ್ದುವು. ಪಾಲಿಸ್ಸಿ ಪ್ರಾಟೆಸ್ಟೆಂಟ್ ಮತವನ್ನು ಅವಲಂಬಿಸಿದ್ದ ಕಾರಣ ಸೆರೆಮನೆ ಸೇರಿದಾಗ ಕೈಹಿಡಿದದ್ದೂ ಆ ಹರಿವಾಣಗಳೇ. ಅರಸನ ಕುಶಲಕರ್ಮಿಯೆಂಬ ಬಿರುದು ದೊರೆತು ಜೀವ ಉಳಿಯಿತು. ರಾಜಮಾತೆ ಕ್ಯಾತರೀನ್ ದ ಮೆಡಿಚಿ ಅವನಿಗೆ ಪ್ಯಾರಿಸಿನ ಅರಮನೆಯ ಬಳಿ ಕೆಲಸ ಕೊಟ್ಟಳು. ೧೫೭೫ರಿಂದ ಆ ನಗರದಲ್ಲಿ ಅವನು ಮಣ್ಣು, ಕಲ್ಲು, ಚಿಲುಮೆಗಳನ್ನು ಕುರಿತು ಉಪನ್ಯಾಸಗಳನ್ನು ಮಾಡಿದನು. ಪ್ರವೇಶಕ್ಕೆ ಒಂದು ನಾಣ್ಯ. ಹೇಳಿದ್ದು ಸುಳ್ಳೆಂದು ತೋರಿಸಿದವರಿಗೆ ನಾಲ್ಕು ವಾಪಸು! ಲ್ಯಾಟಿನ್ ಬಾರದ ಕುಂಬಾರ ವಿದ್ವಾಂಸರ ಎದುರಿನಲ್ಲಿ ಹೂಡಿದ ಪಂಥ ಇದು. ಮುದಿತನದಲ್ಲಿ ಮತದ ಕಾರಣದಿಂದಲೇ ಮತ್ತೆ ಬಂಧಿತನಾಗಿ, ೧೫೯೦ರ ಸುಮಾರಿಗೆ ಬಾಸ್ತೀಯ್ ಸೆರೆಮನೆಯಲ್ಲಿ ತೀರಿಕೊಂಡನು.

೧೫೮೦ರಲ್ಲಿ ಅವನು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಶಾಸ್ತ್ರ, ಅನುಭವ ಎಂಬ ಇಬ್ಬರು ಸಂವಾದ ನಡೆಸುತ್ತಾರೆ. ಕುಂಬಾರಿಕೆಯ ಭಾಗದಲ್ಲಿ ಲೇಪದ ಗುಟ್ಟನ್ನು ಹೇಳೆಂದು ಶಾಸ್ತ್ರ ಪೀಡಿಸುತ್ತದೆ. ಅನುಭವ ತನ್ನ ಕಷ್ಟಗಳನ್ನೆಲ್ಲ ಹೇಳುತ್ತದೆ. ತವರ, ಸೀಸ, ತಾಮ್ರ, ಕಬ್ಬಿಣ, ಮರಳು ಎಂದು ದ್ರವ್ಯಗಳ ಹೆಸರುಗಳನ್ನೂ ಹೇಳುತ್ತದೆ. ಎಷ್ಟೆಷ್ಟು ಎಂಬುದನ್ನು ಮಾತ್ರ ಹೇಳುವುದಿಲ್ಲ. ಇದರ ಫಲವನ್ನು ಅನುಭವಿಸಿದವನು ತೂರ್ ಪಟ್ಟಣದ ಷಾರ್ಲ್ ಜಾನ್ ಅವಿಸ್ಸೊ. ೧೮೨೫ರಲ್ಲಿ ಪಾಲಿಸ್ಸಿಯ ಹರಿವಾಣವೊಂದನ್ನು ಕಂಡು ಮರುಳಾದ ಆ ಕುಂಬಾರ, ಅದರ ಲೇಪಗಳ ಅಳತೆಯನ್ನು ಮೊದಲಿನಿಂದ ಹುಡುಕಲು ಹೊರಟು, ೧೮೪೦ರ ದಶಕದಲ್ಲಿ ಗುರಿ ಮುಟ್ಟಿದನು. ಅವನಿಗೂ ಹಿಡಿದದ್ದು ಹದಿನೈದು ವರ್ಷಗಳಿಗೆ ಕಡಿಮೆಯಲ್ಲ.